ನಿಮ್ಮ ಮನೆಯ ಪ್ಲಾಸ್ಟಿಕ್ ತೂಗಬೇಡಿ, ಎಣಿಸಿ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಕಸದ ಲೆಕ್ಕ ತೆಗೆದುಕೊಡುವುದು ನನ್ನ ಕೆಲಸ. ಮನೆಮನೆಯ ಒಣಕಸ ಸುರಿದು, ವಿಂಗಡಿಸಿ, ಬರೆದಿಡುತ್ತೇವೆ. ಕೊನೆಗೆ ಎಲ್ಲರೂ ಕೇಳುವುದು ಒಂದೇ: "ನಮ್ಮನೇದು ಎಷ್ಟು ಕೆಜಿ?" ನಾನೂರು ಗ್ರಾಂ ಅಂದ ಕೂಡಲೇ ಮುಖ ಅರಳುತ್ತದೆ. "ಅಷ್ಟೇನಾ? ಹಾಗಾದ್ರೆ ಜಾಸ್ತಿ ಏನಿಲ್ಲ ಬಿಡಿ."

ಇಲ್ಲೇ ನನ್ನ ತಾಳ್ಮೆ ಕೆಡುವುದು. ಪ್ಯಾಕಿಂಗ್ ಪ್ಲಾಸ್ಟಿಕ್ಕನ್ನು ಹಗುರವಾಗಿರಲಿ ಅಂತಲೇ ಮಾಡಿರುತ್ತಾರೆ. ಅದನ್ನು ತೂಗಿದರೆ ಕಡಿಮೆ ಬಾರದೆ ಇನ್ನೇನು? ಒಡೆದ ಬಕೆಟ್ ಒಂದಿದ್ದರೆ ಸಾಕು, ರಾಶಿ ಶಾಂಪೂ ಸ್ಯಾಶೆ ತಕ್ಕಡಿಯಲ್ಲಿ ಕಾಣುವುದೇ ಇಲ್ಲ. ಆದರೆ ಬಕೆಟ್ಟನ್ನು ಗುಜರಿಯವರು ಕೊಳ್ಳುತ್ತಾರೆ. ಸ್ಯಾಶೆ, ಚಿಪ್ಸ್ ಕವರ್ ಕೊಳ್ಳುವವರು ಸಿಗುವುದು ಕಷ್ಟ. ಅದರ ಪದರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಸುಲಭಕ್ಕೆ ಬಿಡಿಸಲು ಬರುವುದಿಲ್ಲ. ಗಾಳಿಗೆ ಹಾರಿ ಮೋರಿ ಸೇರುವುದೂ ಇಂಥವೇ. ಅದಕ್ಕೇ ಹೇಳುತ್ತೇನೆ, ಯಾವುದು ಎಷ್ಟು ಪೀಸ್ ಬಂತು ಅಂತ ಬರೆದಿಡಿ.

ಹಾಲಿನ ಪ್ಯಾಕೆಟ್ಟನ್ನೇ ನೋಡಿ. ದಿನಕ್ಕೆ ಅರ್ಧ ಲೀಟರಿನದು ಎರಡು ತಂದರೆ ವರ್ಷಕ್ಕೆ 730. ತೊಳೆದು ಒಣಗಿಸಿಟ್ಟರೆ ಆ ಕವರ್ ಮರುಬಳಕೆಗೆ ಹೋಗುತ್ತದೆ. ಮೂಲೆಯನ್ನು ಪೂರ್ತಿ ಕತ್ತರಿಸಿದರೆ ಮಾತ್ರ 730 ಚೂರು ಬೇರೆಯಾಗುತ್ತವೆ. 50 ಮನೆಗೆ 36,500. ಒಂದು ಚೂರನ್ನು ನನ್ನ ತಕ್ಕಡಿಗೆ ಹಾಕಿದರೆ ಸೊನ್ನೆ ತೋರಿಸುತ್ತದೆ. ಹಸಿಕಸಕ್ಕೆ ಬಿದ್ದು ಗೊಬ್ಬರದಲ್ಲಿ ಹಾಗೇ ಉಳಿಯುತ್ತದೆ. ಮೂಲೆ ಅಂಟಿಕೊಂಡಿರುವಂತೆ ಕತ್ತರಿಸಿ, ಅಷ್ಟು ಸಾಕು. ಲೀಟರ್ ಪ್ಯಾಕೆಟ್ ತಂದರೆ ಕವರ್‌ಗಳೇ 365ಕ್ಕೆ ಇಳಿಯುತ್ತವೆ.

ಇಂಗ್ಲೆಂಡಿನ ಮಾರ್ಗೇಟ್‌ನಲ್ಲಿ ಡೇನಿಯಲ್ ವೆಬ್ ಎಂಬವರು 2017ರಲ್ಲಿ ವರ್ಷವಿಡೀ ತಮ್ಮ ಪ್ಲಾಸ್ಟಿಕ್ ಕಸ ಕೂಡಿಟ್ಟು ಎಣಿಸಿದರು. 4,490 ಪೀಸ್ ಬಂತು! ಒಬ್ಬರದ್ದೇ ಇಷ್ಟು. ಅದರಲ್ಲಿ ಬಹುಪಾಲು ಒಂದೇ ಸಲ ಬಳಸಿ ಎಸೆಯುವ ಪ್ಯಾಕಿಂಗ್.

ಆದರೆ ಇದು ಮನೆಗೆ ಬಂದದ್ದರ ಲೆಕ್ಕ. ಕೆರೆಗೆ ಎಷ್ಟು ಸೇರಿತು ಅಂತ ಇದರಿಂದ ಹೇಳಲಾಗದು. ಒಂದು ವಾರದ ಸಂಖ್ಯೆಯನ್ನು ಸುಮ್ನೆ 52ರಿಂದ ಗುಣಿಸಲೂ ಬೇಡಿ. ಹಬ್ಬ ಇರುತ್ತದೆ, ನೆಂಟರು ಬರುತ್ತಾರೆ. ಒಂದು ತಿಂಗಳಾದರೂ ಎಣಿಸಿ.

ನಿವೃತ್ತ ಟೀಚರ್ ಒಬ್ಬರು ಗೋಡೆಯ ಕ್ಯಾಲೆಂಡರಿಗೆ ಪೆನ್ಸಿಲ್ ಕಟ್ಟಿಕೊಂಡು ಎಣಿಸಿದರು. ಕವರ್ ಬಿಚ್ಚಿದಾಗಲೆಲ್ಲ ಆ ದಿನದ ಮನೆಯಲ್ಲಿ ಒಂದು ಗೀಟು. ಎರಡನೇ ತಿಂಗಳು ನನ್ನನ್ನು ಕರೆದು ತೋರಿಸಿದರು. "ನೋಡಪ್ಪ, ಎಣ್ಣೆ, ಬೇಳೆದು ಅಂದ್ಕೊಂಡಿದ್ದೆ. ಜಾಸ್ತಿ ಇರೋದು ಫೋನಲ್ಲಿ ತರಿಸೋ ತರಕಾರೀದು. ಕೊತ್ತಂಬರಿಗೊಂದು ಕವರ್, ನಾಲ್ಕು ಮೆಣಸಿನಕಾಯಿಗೊಂದು ಕವರ್." ನನ್ನ ಯಾವ ವರದಿಯೂ ಅವರಿಗೆ ಇಷ್ಟು ಹೇಳಿರಲಿಲ್ಲ.

ಈಗ ಬೆಳಿಗ್ಗೆ ಸೊಪ್ಪಿನವರ ಕೂಗು ಕೇಳಿದರೆ ಬುಟ್ಟಿ ಹಿಡಿದು ಗೇಟಿಗೆ ಇಳಿಯುತ್ತಾರೆ. ತಿಂಗಳು ಮುಗಿದಾಗ ಕ್ಯಾಲೆಂಡರ್ ಹಾಳೆಯ ಫೋಟೋ ನನಗೆ ಬರುತ್ತದೆ. ತರಕಾರಿ ಗೀಟು ಅರ್ಧಕ್ಕಿಂತ ಕಡಿಮೆಯಾಗಿದೆ. ಮೊಮ್ಮಗನ ಚಿಪ್ಸ್ ಗೀಟು ಇನ್ನೂ ಇಳಿದಿಲ್ಲ.