ಬನದ ನೆಲವನ್ನು ಗುಡಿಸಿದ ಮೇಲೆ

ಉಡುಪಿ, ಮಂಗಳೂರಿನ ಸುತ್ತಮುತ್ತ ನಾಗನನ್ನು ಪೂಜಿಸುವ ಪುಟ್ಟ ಕಾಡುಗಳಾದ ಎಷ್ಟೋ ನಾಗಬನಗಳು ಜೀರ್ಣೋದ್ಧಾರಗೊಂಡಿವೆ. ಮುರಕಲ್ಲಿನ (ಜಂಬಿಟ್ಟಿಗೆಯ) ಕಟ್ಟೆಯಿದ್ದಲ್ಲಿ ಗ್ರಾನೈಟ್ ಬಂದಿದೆ, ಸುತ್ತಲೂ ಇಂಟರ್‌ಲಾಕ್ ಹಾಸಿದೆ, ಆಶ್ಲೇಷಾ ಬಲಿ ಪೂಜೆಗೆ ಬಂದವರ ಕಾಲಿಗೆ ಕೆಸರು ತಾಗುವುದಿಲ್ಲ. ಕೆಲವು ಕಡೆ ಮರಗಳನ್ನೂ ತೆಗೆದಿದ್ದಾರೆ. ಆ ಮಾತು ಬೇರೆ. ಮರಗಳನ್ನು ಭಕ್ತಿಯಿಂದ ಉಳಿಸಿಕೊಂಡು ನೆಲವನ್ನಷ್ಟೇ ಚೊಕ್ಕಟ ಮಾಡಿದ ಬನಗಳೇ ನನಗೆ ಹೆಚ್ಚು ಚಿಂತೆ ಹುಟ್ಟಿಸುತ್ತವೆ. ತಲೆಯೆತ್ತಿ ನೋಡಿದರೆ ಅಲ್ಲಿ ಏನೂ ಕಡಿಮೆಯಾದಂತೆ ಕಾಣುವುದಿಲ್ಲ. ಆದರೆ ಮಂಡಿಯೆತ್ತರದ ಒಂದು ಧೂಪದ ಸಸಿಯನ್ನೋ ಹೈಗದ ಸಸಿಯನ್ನೋ ಹುಡುಕಹೊರಟರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ.

ಕಾಡಿನ ಆರೋಗ್ಯ ನೋಡುವವರು ದೊಡ್ಡ ಮರಗಳನ್ನಷ್ಟೇ ಎಣಿಸಿ ಸುಮ್ಮನಾಗುವುದಿಲ್ಲ. ಪ್ರತಿ ಜಾತಿಯಲ್ಲೂ ಮರವೆಷ್ಟು, ಎಳೆ ಮರವೆಷ್ಟು, ಸಸಿಯೆಷ್ಟು ಎಂದು ಬೇರೆ ಬೇರೆಯಾಗಿ ಲೆಕ್ಕ ಹಾಕುತ್ತಾರೆ. ಸಸಿಗಳಲ್ಲಿ ಬಹುಪಾಲು ಸಾಯುವುದು ಸಹಜವಾದ್ದರಿಂದ ಅವುಗಳ ಸಂಖ್ಯೆ ಮರಗಳಿಗಿಂತ ಹಲವು ಪಟ್ಟು ಹೆಚ್ಚಿರಬೇಕು. ದೊಡ್ಡ ಮರಗಳು ಮಾತ್ರ ಇದ್ದು ಕೆಳಗಿನ ಎರಡು ಸಾಲು ಖಾಲಿಯಾಗಿದ್ದರೆ, ಮಕ್ಕಳೆಲ್ಲ ದುಬೈಗೋ ಬೆಂಗಳೂರಿಗೋ ಹೋಗಿ ಅಜ್ಜ ಅಜ್ಜಿಯರಷ್ಟೇ ಉಳಿದ ನಮ್ಮೂರಿನ ಹಿರಿಮನೆಗಳ ಸ್ಥಿತಿ ಅದು. ಇನ್ನೂ ಹಲವು ದಶಕ ಹೊರಗಿನಿಂದ ನೋಡಿದವರಿಗೆ ಸುಳಿವು ಸಿಗುವುದಿಲ್ಲ.

ಧೂಪದ ಮರವನ್ನೇ ತೆಗೆದುಕೊಳ್ಳೋಣ. ಪಶ್ಚಿಮ ಘಟ್ಟ ಮತ್ತು ಅದರ ತಪ್ಪಲಿನ ನಿತ್ಯಹರಿದ್ವರ್ಣ ಕಾಡಿನ ಈ ಮರದ ಕಾಯಿ ಮೊಟ್ಟೆಯಷ್ಟು ದಪ್ಪ. ಮಳೆಗಾಲ ಹಿಡಿಯುವ ಹೊತ್ತಿಗೆ ಹಣ್ಣಾಗಿ ತೊಪತೊಪನೆ ಬುಡದಲ್ಲೇ ಉದುರುತ್ತದೆ. ಒಳಗಿನ ಬೀಜದಲ್ಲಿ ತೇವ ತುಂಬಿರುತ್ತದೆ. ಕೆಲವೇ ದಿನಗಳಲ್ಲಿ ಸಿಪ್ಪೆ ಬಿರಿದು ಬೇರು ಹೊರಗೆ ಬರುತ್ತದೆ. ಭತ್ತ, ಹುರುಳಿಯಂತೆ ಒಣಗಿಸಿ ಇಟ್ಟು ಮುಂದಿನ ವರ್ಷ ಬಿತ್ತುವಂತಿಲ್ಲ, ಒಣಗಿತೆಂದರೆ ಸತ್ತಿತು. ಹೈಗ, ನೇರಳೆ, ಹೆಬ್ಬಲಸುಗಳ ಬೀಜಗಳದ್ದೂ ಇದೇ ಗುಣ. ಹಾಗಾಗಿ ಮಣ್ಣಿನೊಳಗೆ ವರ್ಷಗಟ್ಟಲೆ ಮಲಗಿದ್ದು ಮುಂದೊಂದು ದಿನ ಏಳುವ ಧೂಪದ ಬೀಜ ಎಂಬುದೇ ಇಲ್ಲ. ಕಾಯುವುದು ಬೀಜವಲ್ಲ, ಸಸಿ. ನೆರಳಿನಲ್ಲಿ ನಾಲ್ಕಾರು ಎಲೆ ಹೊತ್ತು, ಹೆಚ್ಚು ಬೆಳೆಯದೆ, ಮೇಲಿನ ಮರವೊಂದು ಬಿದ್ದು ಬೆಳಕು ಇಳಿಯುವವರೆಗೆ ವರ್ಷಗಳ ಕಾಲ ನಿಂತಿರುತ್ತದೆ.

ಈ ಸಸಿಗೆ ಮೊದಲ ಗಂಡಾಂತರ ಮೊದಲ ಏಪ್ರಿಲ್. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿದರೂ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮುಗಿಯುತ್ತದೆ. ಡಿಸೆಂಬರ್ ಕಳೆದ ಮೇಲೆ ಮುರಕಲ್ಲಿನ ನೆಲ ಬಾಯಿ ಬಿಡುತ್ತದೆ. ಆಗ ತೇವವನ್ನು ಹಿಡಿದಿಡುವುದು ಅಂಗೈ ದಪ್ಪದ ತರಗೆಲೆಯ ಹಾಸು. ಅದನ್ನು ಹಿಡಿಸೂಡಿಯಲ್ಲಿ ಗುಡಿಸಿ ಬೆಂಕಿ ಹಚ್ಚಿದರೆ, ಇಲ್ಲವೇ ಬುಟ್ಟಿಯಲ್ಲಿ ತುಂಬಿ ದನದ ಹಟ್ಟಿಗೆ ಒಯ್ದರೆ, ಮರಕ್ಕೆ ಏನೂ ಆಗುವುದಿಲ್ಲ, ಸಸಿ ಉಳಿಯುವುದಿಲ್ಲ. ಇಂಟರ್‌ಲಾಕ್ ಮೇಲೆ ಬಿದ್ದ ಬೀಜಕ್ಕಂತೂ ಬೇರಿಳಿಸಲು ನೆಲವೇ ಇಲ್ಲ.

ಕಡುಬು ಬೇಯಿಸಲು ನಾವು ಎಲೆ ಕೊಯ್ಯುವ ಉಪ್ಪಳಿಗೆಯ ಸ್ವಭಾವ ಇದಕ್ಕೆ ತದ್ವಿರುದ್ಧ. ಅದರ ಬೀಜ ಸಣ್ಣದು, ಹಕ್ಕಿಗಳು ಎಲ್ಲೆಂದರಲ್ಲಿ ಹರಡುತ್ತವೆ, ಬೆಳಕು ಬಿದ್ದೊಡನೆ ಮೇಲೇಳುತ್ತದೆ. ಮರ ಉರುಳಿದ ಕಡೆ, ರಸ್ತೆಯ ಬದಿಯಲ್ಲಿ, ಜೆಸಿಬಿ ಕೆರೆದ ಮಣ್ಣಿನಲ್ಲಿ ಮೊದಲು ಕಾಣಿಸಿಕೊಳ್ಳುವುದು ಇಂಥವೇ. ಇವು ಕಾಡಿನ ಶತ್ರುಗಳಲ್ಲ. ಬಿರುಗಾಳಿ, ಮುಪ್ಪು, ಸಿಡಿಲುಗಳಿಂದ ಕಾಡಿನಲ್ಲಿ ಸದಾ ಕಿಂಡಿಗಳು ತೆರೆಯುತ್ತಲೇ ಇರುತ್ತವೆ. ಅವನ್ನು ತುಂಬುವವು ಇವು.

1978ರಲ್ಲಿ ಜೋಸೆಫ್ ಕಾನೆಲ್ ಎಂಬ ಪರಿಸರ ವಿಜ್ಞಾನಿ ಇದನ್ನೇ ಹಿಡಿದು ಒಂದು ವಾದ ಮುಂದಿಟ್ಟರು: ಏನೂ ತೊಂದರೆಯಾಗದ ಕಾಡಿನಲ್ಲೂ ವಿಪರೀತ ತೊಂದರೆಗೊಳಗಾದ ಕಾಡಿನಲ್ಲೂ ಜಾತಿಗಳು ಕಡಿಮೆ, ನಡುವಣ ಮಟ್ಟದ ತೊಂದರೆಯಲ್ಲಿ ಹೆಚ್ಚು. ವಾದದ ಬಗ್ಗೆ ತಕರಾರುಗಳು ಇನ್ನೂ ಮುಗಿದಿಲ್ಲ. ನನ್ನ ತಕರಾರು ಅದನ್ನು ಬಳಸುವ ರೀತಿಯ ಬಗ್ಗೆ. ಅಷ್ಟಿಷ್ಟು ಕಡಿದ ಹಾಡಿಯಲ್ಲಿ (ಊರ ಪಕ್ಕದ ಕುರುಚಲು ಕಾಡಿನಲ್ಲಿ) ಸಸ್ಯಗಳ ಪಟ್ಟಿ ಮಾಡಿದರೆ ಅದು ದಟ್ಟ ಕಾಡಿನ ಪಟ್ಟಿಗಿಂತ ಉದ್ದವಾಗಿಯೇ ಇರಬಹುದು. ಉಪ್ಪಳಿಗೆಯೂ ಒಂದು, ಲಂಟಾನವೂ ಒಂದು, ಕಮ್ಯುನಿಸ್ಟ್ ಗಿಡವೂ ಒಂದು, ರಾಂಪತ್ರೆಯೂ ಒಂದು. ಎಲ್ಲೆಲ್ಲೂ ಬೆಳೆಯುವ ಮೂರು ಬಂದು, ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ರಾಂಪತ್ರೆಯಂಥ ಒಂದು ಹೋದರೆ ಲೆಕ್ಕದಲ್ಲಿ ಎರಡು ಲಾಭ!

ಹೈಗದ ರೆಂಬೆಗಳಲ್ಲಿ ಒಮ್ಮೊಮ್ಮೆ ಮುಳ್ಳುಮುಳ್ಳಾದ ಉಂಡೆಗಳು ಕಾಣುತ್ತವೆ. ನೋಡಿದವರು ಹಣ್ಣೆಂದೇ ತಿಳಿಯುತ್ತಾರೆ. ಅದು ಸಣ್ಣ ಕೀಟವೊಂದು ಮರದಿಂದಲೇ ಕಟ್ಟಿಸಿಕೊಂಡ ಗಂಟು. ಕೀಟದ ವೈಜ್ಞಾನಿಕ ಹೆಸರು ಮಂಗಲೋರಿಯಾ ಹೋಪಿಯೇ. ನಮ್ಮೂರಿನ ಹೆಸರು ಹೊತ್ತ ಈ ಜೀವಿ ಯಾವ ಸಸ್ಯಪಟ್ಟಿಯಲ್ಲೂ ಇರುವುದಿಲ್ಲ, ಆದರೆ ಹೈಗದ ಸಸಿ ಏಳದಿದ್ದರೆ ಅದಕ್ಕೂ ಮನೆಯಿಲ್ಲ.

ಹಾಡಿಗಳದ್ದು ಇನ್ನೊಂದು ಕಥೆ. ಮದ್ರಾಸ್ ಪ್ರಾಂತ್ಯದ ಕಾಲದಿಂದ ಬಂದ ಕುಮ್ಕಿ ಪದ್ಧತಿಯಲ್ಲಿ ವರ್ಗ ಜಮೀನಿನಿಂದ (ಕೃಷಿಕರ ಸ್ವಂತ ಪಟ್ಟಾ ಜಮೀನಿನಿಂದ) 100 ಗಜದೊಳಗಿನ ಸರ್ಕಾರಿ ಜಾಗದಿಂದ ಸೊಪ್ಪು, ಕಟ್ಟಿಗೆ ತರಲು ಕೃಷಿಕರಿಗೆ ಅವಕಾಶವಿತ್ತು. ಗದ್ದೆ, ತೋಟಗಳು ಆ ಸೊಪ್ಪಿನ ಮೇಲೆಯೇ ನಿಂತಿದ್ದವು. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆದರೆ ವರ್ಷ ವರ್ಷ ಕಡಿದಲ್ಲಿ ಉಳಿಯುವುದು ಬುಡದಿಂದ ಮತ್ತೆ ಚಿಗುರಬಲ್ಲ ಗಿಡಗಳು ಮಾತ್ರ. ಎದೆಯೆತ್ತರದ ಪೊದೆಯ ಬೇರಿಗೆ ನಮ್ಮ ಅಜ್ಜನಷ್ಟು ವಯಸ್ಸಾಗಿರಬಹುದು. ಹೂವು ಬಿಡುವಷ್ಟು ಎತ್ತರಕ್ಕೆ ಅದು ಏರುವುದೇ ಇಲ್ಲ, ಹೊಸ ಬೀಜವೂ ಇಲ್ಲ. ಹಸಿರು ಮಾತ್ರ ಪ್ರತಿ ಮಳೆಗೆ ಮರಳುತ್ತದೆ.

ಗಾತ್ರದ ಪ್ರಶ್ನೆಯೂ ಇದೆ. ಬ್ರೆಜಿಲ್‌ನ ಮನಾಸ್ ಬಳಿ 1979ರಿಂದ ನಡೆಯುತ್ತಿರುವ ಪ್ರಯೋಗದಲ್ಲಿ 1, 10, 100 ಹೆಕ್ಟೇರಿನ ಕಾಡಿನ ತುಂಡುಗಳನ್ನು ಗಮನಿಸುತ್ತ ಬಂದಿದ್ದಾರೆ. ಅಂಚಿನಿಂದ ಸುಮಾರು 100 ಮೀಟರ್ ಒಳಗಿನವರೆಗೂ ಬಿಸಿಗಾಳಿ, ಒಣಹವೆಗಳಿಂದ ದೊಡ್ಡ ಮರಗಳು ಹೆಚ್ಚಾಗಿ ಸಾಯುತ್ತವೆ ಎಂದು ಅಲ್ಲಿ ಕಂಡುಬಂತು. ಒಂದು ಹೆಕ್ಟೇರಿನ ವೃತ್ತಾಕಾರದ ಬನದ ನಟ್ಟನಡುವೆ ನಿಂತರೂ ಅಂಚು 56 ಮೀಟರ್ ದೂರದಲ್ಲೇ ಇರುತ್ತದೆ. ನಮ್ಮ ಬನಗಳನ್ನು ಅಳೆಯುವುದು ಸೆಂಟ್ಸ್‌ನಲ್ಲಿ. ಒಂದು ಹೆಕ್ಟೇರೆಂದರೆ 247 ಸೆಂಟ್ಸ್. ರಾಂಪತ್ರೆಯಂಥ ದೊಡ್ಡ ಬೀಜವನ್ನು ನುಂಗಿ ಒಯ್ಯಬಲ್ಲ ಮಂಗಟ್ಟೆ ಹಕ್ಕಿ ಇಷ್ಟು ಸಣ್ಣ ಜಾಗಕ್ಕೆ ಬರುವುದು ಅಪರೂಪ. ತಾಯಿಮರದ ಬುಡದಲ್ಲೇ ಗುಂಪುಗುಂಪಾಗಿ ಹುಟ್ಟಿದ ಸಸಿಗಳನ್ನು ಆ ಜಾತಿಗೇ ಅಂಟುವ ಹುಳ, ಶಿಲೀಂಧ್ರಗಳು ಸುಲಭವಾಗಿ ಮುಗಿಸುತ್ತವೆ ಎಂದು ಪರಿಸರ ವಿಜ್ಞಾನಿ ಡೇನಿಯಲ್ ಜಾನ್ಸೆನ್ 1970ರಲ್ಲಿ, ಅದೇ ಕಾನೆಲ್ 1971ರಲ್ಲಿ ವಾದಿಸಿದ್ದರು.

ಗಿಡ ನೆಡೋಣ ಎಂದು ಹೊರಟವರು ಹೆಚ್ಚಾಗಿ ಪದವು ಎನ್ನುವ ಮುರಕಲ್ಲಿನ ಬಯಲಿಗೆ ಹೋಗುತ್ತಾರೆ. ಆ ಬಯಲಿಗೆ ಅದರದ್ದೇ ಮಳೆಗಾಲದ ಹೂಗಳಿವೆ, ಕೀಟ ತಿನ್ನುವ ಪುಟ್ಟ ಸಸ್ಯಗಳಿವೆ. ಅಲ್ಲಿ ಅಕೇಶಿಯಾ ನೆಡುವುದೂ ಒಂದು ಹಾವಳಿಯೇ. ಬೀಜವನ್ನು ಡಬ್ಬಿಯಲ್ಲಿ ಇಡಬಹುದಾದ ಮರಗಳು ನರ್ಸರಿಗಳಿಗೆ ಅನುಕೂಲ. ಅಕೇಶಿಯಾ, ತೇಗ ಹಾಗೆ ಬಂದವು. ಧೂಪ, ಹೈಗಗಳನ್ನು ಬಿದ್ದ ಒಂದೆರಡು ವಾರದೊಳಗೆ, ತೇವ ಆರುವ ಮುನ್ನ, ನೆರಳಿನ ತರಗೆಲೆಯ ಕೆಳಗೆ ಸೇರಿಸಬೇಕು. ಬನದ ಕಟ್ಟೆಯ ಸುತ್ತ ನಡೆಯಲು ಬೇಕಾದಷ್ಟನ್ನು ಮಾತ್ರ ಗುಡಿಸಿ ಉಳಿದದ್ದನ್ನು ಹಾಗೆಯೇ ಬಿಟ್ಟರೆ, ಬಿದ್ದ ಬೀಜಗಳಲ್ಲಿ ಕೆಲವಾದರೂ ಯಾರ ಕೈಯೂ ತಾಗದೆ ಬೇರಿಳಿಸುತ್ತವೆ. ಅಂಗಳಕ್ಕೋ ರಸ್ತೆಗೋ ಉರುಳಿದವನ್ನು ಹೆಕ್ಕಿ ಒಳಗೆ ಹಾಕಲು ಜೂನ್ ತಿಂಗಳಲ್ಲಿ ಆ ಬನದ ಪಕ್ಕದ ಮನೆಯವರೇ ಆಗಬೇಕು.