ಮೊದಲು ಚಿತ್ರದ ಬೆನ್ನು ತೋರಿಸಿ

ಹಾಸನದಲ್ಲಿ ಮಹಿಳಾ ಕಲಾವಿದರ ಪ್ರದರ್ಶನ ಅಂದರೆ ಮಾರ್ಚ್ ತಿಂಗಳು. ಉಳಿದ ಹನ್ನೊಂದು ತಿಂಗಳು ಇವರು ಕುಂಚ ಮುಟ್ಟುವುದೇ ಇಲ್ಲವೇನೋ ಅನ್ನೋ ಹಾಗೆ. ಆ ಜಗಳ ಇನ್ನೊಂದು ದಿನ ಆಡೋಣ. ನಾನು ಚಿತ್ರಗಳಿಗೆ ಕಟ್ಟು ಹಾಕುವವನು. ಪ್ರದರ್ಶನ ಇದ್ದಾಗ ಗೋಡೆಗೆ ಏರಿಸುವುದು, ಪಕ್ಕದಲ್ಲಿ ವಿವರದ ಚೀಟಿ ಅಂಟಿಸುವುದು ಕೂಡ ನನ್ನ ಕೆಲಸವೇ. ಆ ಚೀಟಿಯೇ ನನ್ನ ತಲೆನೋವು.

ಚಿತ್ರ ತರುತ್ತಾರೆ. ತಿರುಗಿಸಿದರೆ ಹಿಂಭಾಗ ಖಾಲಿ.

"ಯಾವ ವರ್ಷದ್ದು ಮೇಡಂ?"

"ಮಗಳು ಎಸ್ಸೆಸ್ಸೆಲ್ಸಿ ಓದ್ತಿದ್ಲು ಆಗ."

"ಮಗಳು ಈಗ?"

"ಅವಳಿಗೇ ಇಬ್ಬರು ಮಕ್ಕಳು."

ಈ ಲೆಕ್ಕವನ್ನು ಚೀಟಿಯಲ್ಲಿ ಹೇಗೆ ಬರೆಯಲಿ? ಯಾವ ಬಣ್ಣ ಅಂತ ಕೇಳಿದರೆ "ಮಿಕ್ಸೆಡ್ ಮೀಡಿಯಾ". ಏನೇನು ಮಿಕ್ಸ್ ಮಾಡಿದ್ದೀರಿ ಅಂದರೆ ನಗು. ಹೆಸರು ಯಾಕೆ ಹಾಕಿಲ್ಲ ಅಂದರೆ, "ನಂದು ಅಂತ ಎಲ್ಲರಿಗೂ ಗೊತ್ತಲ್ವಾ ಅಣ್ಣ, ಸುಮ್ನೆ ಯಾಕೆ?"

ಈ 'ಸುಮ್ನೆ ಯಾಕೆ'ಗೇ ಇಷ್ಟು ಬರೆಯುತ್ತಿದ್ದೇನೆ. ಗಂಡಸರೂ ಮರೆಯುತ್ತಾರೆ, ಇಲ್ಲ ಅನ್ನಲ್ಲ. ಆದರೆ ಅವರು ಮುಂದುಗಡೆ ಮೂಲೆಯಲ್ಲಿ ದೊಡ್ಡದಾಗಿ ಸಹಿಯನ್ನಾದರೂ ಹಾಕಿರುತ್ತಾರೆ. ನಮ್ಮ ಹೆಣ್ಣುಮಕ್ಕಳಿಗೆ ಅದಕ್ಕೂ ಸಂಕೋಚ. ಹಾಕಿದರೂ ಮದುವೆಗೆ ಮುಂಚೆ ಒಂದು ಇನಿಷಿಯಲ್, ಆಮೇಲೆ ಇನ್ನೊಂದು. ಮೂವತ್ತು ವರ್ಷ ಆದ ಮೇಲೆ ನೋಡಿದವರಿಗೆ ಇಬ್ಬರು ಬೇರೆ ಬೇರೆ ಕಲಾವಿದೆಯರು.

ಇಲ್ಲಿಂದ ಬೇಲೂರು ಎಷ್ಟು ದೂರ? ದೇವಸ್ಥಾನಕ್ಕೆ ಹೋದಾಗ ಮದನಿಕೆಯರ ಮುಖ ನೋಡಿದ್ದು ಸಾಕು, ಪಾದದ ಹತ್ತಿರ ನೋಡಿ. ಕೆತ್ತಿದವರು ಹೆಸರು ಹಾಕಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಕೆಲವರು ಬಿರುದನ್ನೂ ಬಿಟ್ಟಿಲ್ಲ. ದೇವಸ್ಥಾನ ಶುರುವಾದದ್ದು 1117ರಲ್ಲಿ. ಅವರಿಗೇನೂ ಸಂಕೋಚ ಆಗಲಿಲ್ಲ.

ದೊಡ್ಡ ಕಲಾವಿದೆಯರಲ್ಲೂ ಎರಡು ಥರ ಇದ್ದಾರೆ. ನಸ್ರೀನ್ ಮೊಹಮದಿ ಅಂತ, 1937ರಲ್ಲಿ ಕರಾಚಿಯಲ್ಲಿ ಹುಟ್ಟಿದವರು, ಬರೋಡಾದಲ್ಲಿ ಮೇಷ್ಟ್ರಾಗಿದ್ದರು. ಬರೀ ಗೆರೆಗಳಲ್ಲಿ ಏನೆಲ್ಲ ಮಾಡಬಹುದು ಅಂತ ತೋರಿಸಿದವರು. 1990ರಲ್ಲಿ ತೀರಿಕೊಂಡರು. 2016ರಲ್ಲಿ ನ್ಯೂಯಾರ್ಕಿನ ಮೆಟ್ ಬ್ರೂಯರ್ ಮ್ಯೂಸಿಯಂ ಬಾಗಿಲು ತೆರೆದಾಗ ಮೊದಲು ಇಟ್ಟ ಪ್ರದರ್ಶನಗಳಲ್ಲಿ ಇವರದೂ ಒಂದು. ಆದರೆ ಬಹುತೇಕ ಕೃತಿಗಳಿಗೆ ಇವರು ಹೆಸರೂ ಇಟ್ಟಿಲ್ಲ, ಇಸವಿಯೂ ಹಾಕಿಲ್ಲ. ಹಾಗಾಗಿ ಚೀಟಿಯಲ್ಲಿ 'ಶೀರ್ಷಿಕೆ ಇಲ್ಲ, ಸುಮಾರು 1975' ಅಂತ ಬರುತ್ತದೆ. ಆ 'ಸುಮಾರು' ಅನ್ನುವ ಒಂದು ಪದದ ಹಿಂದೆ ಪಂಡಿತರ ಎಷ್ಟೋ ವರ್ಷದ ದುಡಿಮೆ ಇದೆ. ನಸ್ರೀನ್ ಅವರಿಗಾದರೆ ಪಂಡಿತರು ಕೂತು ಹುಡುಕಿದರು. ನಿಮಗೆ, ನನಗೆ ಯಾರು ಹುಡುಕುತ್ತಾರೆ?

ಇನ್ನೊಬ್ಬರು ಸ್ವೀಡನ್ನಿನ ಹಿಲ್ಮಾ ಅಫ್ ಕ್ಲಿಂಟ್. ತೀರಿಕೊಂಡದ್ದು 1944ರಲ್ಲಿ. ನಾನು ಹೋದ ಮೇಲೆ ಇಪ್ಪತ್ತು ವರ್ಷ ಈ ಚಿತ್ರಗಳನ್ನು ಯಾರಿಗೂ ತೋರಿಸಬೇಡಿ ಅಂದಿದ್ದರು. ಹಾಗಂತ ಸುಮ್ಮನೆ ಕಟ್ಟಿ ಅಟ್ಟದ ಮೇಲೆ ಎಸೆದವರಲ್ಲ. 1906ರಿಂದ 1915ರವರೆಗೆ ಮಾಡಿದ 193 ಚಿತ್ರಗಳ ಒಂದು ಸರಣಿ ಇದೆ. ಅದಕ್ಕೆ ಪುಟ್ಟ ಆಲ್ಬಂಗಳನ್ನೇ ಮಾಡಿದ್ದರು. ಒಂದು ಕಡೆ ಚಿತ್ರದ ಕಪ್ಪು ಬಿಳುಪು ಫೋಟೋ, ಜೊತೆಗೆ ಬಣ್ಣದಲ್ಲಿ ಸಣ್ಣ ಪ್ರತಿ. ನೋಟ್ ಪುಸ್ತಕಗಳು ಬೇರೆ, ಸಾವಿರಾರು ಪುಟ. 2018ರಲ್ಲಿ ನ್ಯೂಯಾರ್ಕಿನ ಗುಗನ್‌ಹೈಮ್ ಮ್ಯೂಸಿಯಂನಲ್ಲಿ ಶುರುವಾದ ಅವರ ಪ್ರದರ್ಶನಕ್ಕೆ ಆರು ಲಕ್ಷಕ್ಕೂ ಜಾಸ್ತಿ ಜನ ಬಂದರು.

ನಮ್ಮ ಕೈಲಿ ಅಷ್ಟೆಲ್ಲ ಬೇಡ. ಒಂದು ಪೆನ್ಸಿಲ್ ಸಾಕು. ಕಾಗದದ ಮೇಲಿನ ಕೆಲಸವಾದರೆ ಮೆತ್ತಗಿನ 2ಬಿ ಪೆನ್ಸಿಲಿನಲ್ಲಿ, ಹಿಂಭಾಗದ ಕೆಳಗಿನ ಅಂಚಿನಲ್ಲಿ, ಒತ್ತದೆ ಬರೆಯಿರಿ. ಬಾಲ್ ಪೆನ್ ಬೇಡ, ಅಚ್ಚು ಮುಂದಕ್ಕೆ ಮೂಡುತ್ತದೆ. ಸ್ಕೆಚ್ ಪೆನ್ ಖಂಡಿತ ಬೇಡ. ನಮ್ಮ ಮಲೆನಾಡಿನ ಕಡೆಯ ತೇವಕ್ಕೆ ಮಸಿ ಇಳಿಯುತ್ತದೆ. ಕ್ಯಾನ್ವಾಸ್ ಆದರೆ ಬಟ್ಟೆಯ ಮೇಲೆ ಬೇಡ, ಅದನ್ನು ಬಿಗಿದ ಮರದ ಪಟ್ಟಿಯ ಮೇಲೆ ಬರೆಯಿರಿ. ನಿಮ್ಮ ಹೆಸರು, ಚಿತ್ರದ ಹೆಸರು, ಇಸವಿ, ಏನು ಬಳಸಿದ್ದೀರಿ, ಅಳತೆ. ಅಳತೆಯಲ್ಲಿ ಎತ್ತರ ಮೊದಲು, ಅಗಲ ಆಮೇಲೆ. ಮೇಲ್ಭಾಗ ಯಾವುದು ಅಂತ ಒಂದು ಬಾಣದ ಗುರುತು. ಇದನ್ನು ನಗೆಯಾಡಬೇಡಿ. ಒಮ್ಮೆ ಒಬ್ಬರ ಚಿತ್ರವನ್ನು ನಾನೇ ಅಡ್ಡಡ್ಡ ಏರಿಸಿಬಿಟ್ಟಿದ್ದೆ. ಆಯಮ್ಮ ದೀಪ ಬೆಳಗಿಸುವವರೆಗೆ ಸುಮ್ಮನಿದ್ದು, ಆಮೇಲೆ ಬಂದು ಕಿವಿಯಲ್ಲಿ, "ಅಣ್ಣ, ಅದು ಉದ್ದಕ್ಕೆ" ಅಂದರು.

'ಏನು ಬಳಸಿದ್ದೀರಿ' ಅನ್ನುವುದನ್ನು ಬಿಡಿಸಿ ಬರೆಯಿರಿ. ಭದ್ರಾವತಿಯಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಅವರು ಸೆಗಣಿ, ಕುಂಕುಮ, ಸೂಜಿಗೆ ಪೋಣಿಸಿದ ದಾರ, ಕೂದಲಿನ ಹಗ್ಗ, ಎಲ್ಲವನ್ನೂ ಕಲೆಗೆ ತಂದವರು. ಅಲ್ಲಿ 'ಮಿಕ್ಸೆಡ್ ಮೀಡಿಯಾ' ಅಂತ ಬರೆದರೆ ಯಾರಿಗೆ ಏನು ಗೊತ್ತಾಗುತ್ತೆ? ನಿಮ್ಮದರಲ್ಲಿ ಅರಿಶಿನ ಇದ್ದರೆ ಅರಿಶಿನ ಅಂತಲೇ ಬರೆಯಿರಿ. ಅದು ಬಿಸಿಲಿಗೆ ಬೇಗ ಮಾಸುತ್ತದೆ. ಗೊತ್ತಿದ್ದರೆ ಕಿಟಕಿಯ ಎದುರು ಏರಿಸುವುದಿಲ್ಲ.

ಒಂದು ಎಚ್ಚರಿಕೆ. ಇದು ನೀವೇ ಈಗ ಮಾಡುತ್ತಿರುವ ಚಿತ್ರಗಳಿಗೆ ಹೇಳಿದ ಮಾತು. ಅಜ್ಜಿ ಕಾಲದ್ದು, ಕಾಗದ ಪುಡಿಯಾಗುತ್ತಿದೆ ಅನ್ನುವಂಥದ್ದಾದರೆ ಏನೂ ಬರೆಯಬೇಡಿ, ಹಳೇ ಟೇಪ್ ಕೀಳಬೇಡಿ. ತಿಳಿದವರಿಗೆ ತೋರಿಸಿ.

ಕೆಲವು ವರ್ಷದ ಹಿಂದೆ ಒಬ್ಬ ಡ್ರಾಯಿಂಗ್ ಟೀಚರ್ ತೀರಿಕೊಂಡ ಮೇಲೆ ಅವರ ಹೆಣ್ಣುಮಕ್ಕಳು ನಲವತ್ತೋ ಐವತ್ತೋ ಚಿತ್ರ ತಂದರು. ಒಂದರಲ್ಲೂ ಸಹಿ ಇಲ್ಲ. ಅಮ್ಮನದ್ಯಾವುದು, ಅಮ್ಮನ ಶಿಷ್ಯರದ್ಯಾವುದು ಅಂತ ಅಕ್ಕತಂಗಿಯರ ನಡುವೆ ವಾದ. ಕಟ್ಟು ಬಿಚ್ಚಿದಾಗ ಒಂದರ ಹಿಂದೆ ಹಾರ್ಡ್‌ಬೋರ್ಡಿಗೆ ಒತ್ತಿಟ್ಟಿದ್ದ ಹಳೇ ಪೇಪರ್ ಸಿಕ್ಕಿತು, 1983ರದ್ದು. ದೊಡ್ಡವಳು ಲೆಕ್ಕ ಹಾಕಿ, "ಆ ವರ್ಷ ಅಮ್ಮ ಕೆಲಸಕ್ಕೆ ಸೇರಿರಲಿಲ್ಲ, ಶಿಷ್ಯರು ಎಲ್ಲಿಂದ ಬರಬೇಕು?" ಅಂದಳು. ಹಾಗೆ ಒಂದು ಅಮ್ಮನದಾಯಿತು. ಉಳಿದವು ಇನ್ನೂ ಬೀರುವಿನಲ್ಲೇ ಇವೆ.

ಈಗ ಅಂಗಡಿಯ ಕೌಂಟರಿಗೆ ದಾರ ಕಟ್ಟಿ ಪೆನ್ಸಿಲ್ ನೇತುಹಾಕಿದ್ದೇನೆ. ಬರೆಯದೆ ಕಟ್ಟು ಹಾಕಲ್ಲ ಅಂತ ಹಟ. ಹೋದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯ ಒಬ್ಬ ಹುಡುಗಿ ಕಾಫಿ ತೋಟದ ಜಲವರ್ಣ ತಂದಿದ್ದಳು. ಹಸಿರು ಯಾಕೋ ನೀಲಿಗೆ ತಿರುಗಿದ ಹಾಗಿತ್ತು. ಕೇಳಲು ಹೋಗಿ ಸುಮ್ಮನಾದೆ. ಹೆಸರು, ಇಸವಿ, ಅಳತೆ ಎಲ್ಲ ಬರೆದು ಕೆಳಗೆ ಇನ್ನೊಂದು ಸಾಲು ಸೇರಿಸಿದಳು: 'ಮೂರು ದಿನ ಕರೆಂಟ್ ಇಲ್ಲ, ಮೇಣದಬತ್ತಿಯಲ್ಲಿ ಬಣ್ಣ ಕಲಸಿದ್ದು.' ಹಿಂದೆ ಅಂಟಿಸುವ ಕಂದು ಕಾಗದದಲ್ಲಿ ಆ ಸಾಲು ಕಾಣುವಷ್ಟು ಒಂದು ಕಿಂಡಿ ಕತ್ತರಿಸಿ ಕೊಟ್ಟೆ.