ಮೀಟರ್ ಮೇಲೆ ಮೂವತ್ತಾ, ಒಂದೂವರೆನಾ?

ಬೆಂಗಳೂರಿನಲ್ಲಿ ಆಟೊಗೆ ಕೈ ಅಡ್ಡ ಹಿಡಿದರೆ ಸಾಮಾನ್ಯವಾಗಿ ಎರಡು ಮಾತು ಕಿವಿಗೆ ಬೀಳುತ್ತವೆ. "ಮೀಟರ್ ಮೇಲೆ ಮೂವತ್ತು ಕೊಡಿ" ಅನ್ನುತ್ತಾರೆ ಒಬ್ಬರು. "ಒಂದೂವರೆ ಆಗುತ್ತೆ ಸಾರ್" ಅನ್ನುತ್ತಾರೆ ಇನ್ನೊಬ್ಬರು, ಅಂದರೆ ಮೀಟರಿನ ಒಂದೂವರೆ ಪಟ್ಟು. ಹೈಸ್ಕೂಲಿನ ಸರಳರೇಖೆಯ ಪಾಠ ಈ ಎರಡು ಮಾತಿನಲ್ಲೇ ಇದೆ.

2025ರ ಆಗಸ್ಟ್ 1ರಿಂದ ಇಲ್ಲಿನ ಮೀಟರ್ ದರ ಮೊದಲ 2 ಕಿ.ಮೀ.ಗೆ 36 ರೂಪಾಯಿ, ಆಮೇಲೆ ಪ್ರತಿ ಕಿ.ಮೀ.ಗೆ 18. ಸದ್ಯಕ್ಕೆ ಅದನ್ನು ಮರೆತುಬಿಡಿ. ನೀವು ಒಂದು ದಿನ 5 ಕಿ.ಮೀ.ಗೆ 120 ರೂಪಾಯಿ ಕೊಟ್ಟಿರಿ, ಇನ್ನೊಂದು ದಿನ ಅದೇ ಆಟೊದಲ್ಲಿ 9 ಕಿ.ಮೀ.ಗೆ 192 ಕೊಟ್ಟಿರಿ ಅಂದುಕೊಳ್ಳಿ. ಯಾವ ಲೆಕ್ಕದಲ್ಲಿ ತೆಗೆದುಕೊಂಡರು?

ದೂರ 4 ಕಿ.ಮೀ. ಜಾಸ್ತಿಯಾಯ್ತು, ದುಡ್ಡು 72 ಜಾಸ್ತಿಯಾಯ್ತು. 72ನ್ನು 4ರಿಂದ ಭಾಗಿಸಿದರೆ 18. ಪುಸ್ತಕದಲ್ಲಿ ಇದಕ್ಕೆ ಇಳಿಜಾರು ಅನ್ನುತ್ತಾರೆ, 'ಎಂ' ಅಂತ ಬರೆಯುತ್ತಾರೆ. ಇಲ್ಲಿ ಒಂದು ಕ್ಷಣ ನಿಲ್ಲೋಣ. ದೂರಕ್ಕೆ ಸಂಬಂಧವಿಲ್ಲದ ಒಂದು ಮೊತ್ತ ಎರಡು ದಿನವೂ ಸೇರಿದ್ದರೆ, ಒಂದರಲ್ಲಿ ಇನ್ನೊಂದನ್ನು ಕಳೆದಾಗ ಅದು ತಾನಾಗಿಯೇ ಬಿಟ್ಟುಹೋಗುತ್ತದೆ. ಉಳಿಯುವುದು ಬರೀ ದೂರದ ದರ. ನನಗೆ ಇಡೀ ಪಾಠದಲ್ಲಿ ತುಂಬಾ ಇಷ್ಟವಾದ ಜಾಗ ಇದೇ.

ಈಗ ಆ ಮೊತ್ತ ಎಷ್ಟು ಅಂತ ಹುಡುಕುವುದು ಸುಲಭ. 5 ಕಿ.ಮೀ.ಗೆ 18ರಂತೆ 90. ಕೊಟ್ಟಿದ್ದು 120. ಉಳಿದ 30 ರೂಪಾಯಿಯೇ ಆ ಮೊತ್ತ, ಪುಸ್ತಕದಲ್ಲಿ ಇದನ್ನು 'ಸಿ' ಅಂತ ಬರೆಯುತ್ತಾರೆ. ವೈ = 18ಎಕ್ಸ್ + 30. ಎಕ್ಸ್ ದೂರ, ವೈ ದುಡ್ಡು. "ಮೀಟರ್ ಮೇಲೆ ಮೂವತ್ತು" ಅಂದರೆ ಇದೇ ಅಲ್ವಾ?

ಗ್ರಾಫಿನಲ್ಲಿ ಪ್ರತಿ ಪ್ರಯಾಣವೂ ಒಂದು ಬಿಂದು, ಈ ಲೆಕ್ಕ ಅವನ್ನು ಸೇರಿಸುವ ಗೆರೆ. ಆದರೆ ಯಾವ ಎರಡು ಬಿಂದು ಕೊಟ್ಟರೂ ನಡುವೆ ಒಂದು ಗೆರೆ ಎಳೆಯಬಹುದು. ಗೆರೆ ನಿಜವೋ ಅಲ್ಲವೋ ಅಂತ ಹೇಳುವುದು ಮೂರನೇ ಪ್ರಯಾಣ. 12 ಕಿ.ಮೀ.ಗೆ 246 ಆದರೆ ನಮ್ಮ ಲೆಕ್ಕ ಸರಿ.

ಬರೀ ಮೀಟರಿನ ಗೆರೆಯಲ್ಲಿ 'ಸಿ' ಎಷ್ಟು? ಸೊನ್ನೆ! 36 ಅಂದರೆ ಎರಡು ಹದಿನೆಂಟು ತಾನೇ. ಹಾಗಾಗಿ 2 ಕಿ.ಮೀ. ದಾಟಿದ ಮೇಲೆ ವೈ = 18ಎಕ್ಸ್. ಅದಕ್ಕಿಂತ ಹತ್ತಿರ ಹೋದರೆ ಮಾತ್ರ ಈ ಗೆರೆ ನಡೆಯುವುದಿಲ್ಲ. 1 ಕಿ.ಮೀ.ಗೆ ಗೆರೆ 18 ಅನ್ನುತ್ತದೆ, ಮೀಟರ್ 36 ತೋರಿಸುತ್ತದೆ.

"ಒಂದೂವರೆ" ಅಂದಾಗ ಬದಲಾಗುವುದು 'ಎಂ'. 18 ಹೋಗಿ 27 ಆಗುತ್ತದೆ, ವೈ = 27ಎಕ್ಸ್. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಸರ್ಕಾರದ ದರವೇ ಇದು. ಮೂವತ್ತು ಸೇರಿಸಿದರೆ ಗೆರೆ ಇಡಿಯಾಗಿ ಮೇಲೆ ಸರಿಯುತ್ತದೆ, ಒಂದೂವರೆ ಮಾಡಿದರೆ ಗೆರೆ ಕಡಿದಾಗುತ್ತದೆ.

ಹಾಗಾದರೆ ಹಗಲು ಹೊತ್ತಿನಲ್ಲಿ ಯಾವುದಕ್ಕೆ ಒಪ್ಪಬೇಕು? ಎರಡೂ ಗೆರೆ ಕೂಡುವ ಜಾಗ ನೋಡಿ. 18ಎಕ್ಸ್ + 30 = 27ಎಕ್ಸ್ ಆಗಬೇಕಾದರೆ ಎಕ್ಸ್ ಸುಮಾರು 3.3 ಕಿ.ಮೀ. 3 ಕಿ.ಮೀ.ಗೆ ಒಂದೂವರೆ ಅಂದರೆ 81, ಮೇಲೆ ಮೂವತ್ತು ಅಂದರೆ 84. 4 ಕಿ.ಮೀ.ಗೆ ಒಂದೂವರೆ 108, ಮೇಲೆ ಮೂವತ್ತು 102. ಮೆಜೆಸ್ಟಿಕ್‌ನಿಂದ ಜಯನಗರಕ್ಕೆ ಹೊರಟಿದ್ದರೆ ಮೂವತ್ತಕ್ಕೇ ಹತ್ತಿ ಕೂತುಬಿಡಿ.